ಲಕ್ಷದ್ವೀಪಯಾತ್ರೆಯೂ ಕನ್ನಡದ ದ್ವೀಪಕಲ್ಪನೆಯೂ

ಯಾತ್ರೆಗೆ ಹೊರಡುವವನು ಗಂಟುಮೂಟೆಯನ್ನು ಕಟ್ಟುವುದಕ್ಕೆ ಮೊದಲೇ ತಾನು ಕಾಣಲಿರುವ ನಾಡಿನದೊಂದು ಚಿತ್ರವನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿರುತ್ತಾನೆ. ಆ ಚಿತ್ರವು ಓದಿನಿಂದಲೋ ಕೇಳಿಕೆಯಿಂದಲೋ ಬಂದುದು; ಮುಂದೆ ಅವನ ಕಣ್ಣು ನೋಡುವುದೂ ಬಹುಮಟ್ಟಿಗೆ ಅದು ತೋರಿಸಿದುದನ್ನೇ. ಆದಕಾರಣ ಯಾತ್ರೆಯ ಸಿದ್ಧತೆಯು ಟಿಕೇಟು ಬುತ್ತಿಗಳ ವಿಷಯವಾಗಿರುವಂತೆ ಸಾಹಿತ್ಯವಿಮರ್ಶೆಯ ವಿಷಯವೂ ಆಗಿದೆ. ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಮನೆಯವರು ಮೊದಲ ಬಾರಿಗೆ ಲಕ್ಷದ್ವೀಪಕ್ಕೆ ಹೋಗಬೇಕೆಂದು ಎಣಿಸಿದಾಗ, ದ್ವೀಪವೆಂಬ ಶಬ್ದವು ಅವರಲ್ಲಿ ಯಾವ ಭಾವವನ್ನು ಎಬ್ಬಿಸುವುದು, ಆ ಭಾವವನ್ನು ಕೊಟ್ಟ ಬರಹಗಳು ಯಾವುವು, ಅವುಗಳಲ್ಲಿ ದ್ವೀಪದ ಮನುಷ್ಯನಿಗೆ ಎಷ್ಟು ಎಡೆಯಿದೆ ಎಂಬುದು ಇಲ್ಲಿ ವಿಚಾರಿಸತಕ್ಕ ಸಂಗತಿ.

ಮೂಡಬಿದಿರೆಯಲ್ಲಿ ಈ ಶಬ್ದಕ್ಕೆ ಶತಮಾನಗಳ ಸಂಸ್ಕಾರವಿದೆ. 1430ರಲ್ಲಿ ಕಟ್ಟಿಸಿದ ಸಾವಿರಕಂಬದ ಬಸದಿಯ ನೆರಳಲ್ಲಿ ಬೆಳೆದ ಶ್ರಾವಕರ ಮಕ್ಕಳಿಗೆ ಲೋಕವೆಂದರೇ ದ್ವೀಪಮಾಲೆ. ಲಕ್ಷ ಯೋಜನ ವ್ಯಾಸದ ಜಂಬೂದ್ವೀಪವನ್ನು ಎರಡು ಲಕ್ಷ ಯೋಜನ ಅಗಲದ ಲವಣಸಮುದ್ರವು ಬಳಸಿದೆ. ಅದನ್ನು ಧಾತಕೀಖಂಡವು, ಅದನ್ನು ಕಾಲೋದಸಮುದ್ರವು, ಅದನ್ನು ಪುಷ್ಕರವರದ್ವೀಪವು, ಹೀಗೆ ಒಂದಕ್ಕೊಂದು ಇಮ್ಮಡಿಯಾಗುತ್ತ ನಡೆದಿವೆ. ಮನುಷ್ಯನಿಗೆ ಗತಿಯಿರುವುದು ಪುಷ್ಕರದ ನಡುವೆ ನಿಂತ ಮಾನುಷೋತ್ತರ ಪರ್ವತದವರೆಗೆ ಮಾತ್ರ. ಎಂಟನೆಯದಾದ ನಂದೀಶ್ವರದ್ವೀಪದ 52 ಜಿನಾಲಯಗಳಿಗೆ ದೇವತೆಗಳು ಹೋಗಿ ಪೂಜೆಗೈಯುವರು. ಮನುಷ್ಯನಾದರೋ ವರ್ಷಕ್ಕೆ ಮೂರಾವರ್ತಿ ಬರುವ ಅಷ್ಟಾಹ್ನಿಕ ಪರ್ವದಲ್ಲಿ ತನ್ನೂರ ಬಸದಿಯಲ್ಲಿಯೇ ನಿಂತು ಆ ದ್ವೀಪವನ್ನು ಭಾವದಲ್ಲಿ ಕಾಣುವನು. ಕಾಲಿಗೆ ಎಟುಕದ ದ್ವೀಪಕ್ಕಾಗಿ ಮನಸ್ಸನ್ನು ಶುದ್ಧಮಾಡಿಕೊಳ್ಳುವ ಈ ಕ್ರಮದಲ್ಲಿ ಒಂದು ಘನತೆಯಿದೆ. ಹೋಗುವ ಸ್ಥಳಕ್ಕೆ ತಾನು ಯೋಗ್ಯನೇ ಎಂಬ ಪ್ರಶ್ನೆಯನ್ನು ಅದು ಮೊದಲು ಕೇಳುತ್ತದೆ. ಆದರೆ ಅಲ್ಲಿ ಮಾತನಾಡಿಸತಕ್ಕ ನೆರೆಯವನು ಯಾರೂ ಇಲ್ಲ.

ಹದಿನಾರನೆಯ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿಯು ‘ಭರತೇಶವೈಭವ’ವನ್ನು ಸಾಂಗತ್ಯದಲ್ಲಿ ಹಾಡಿದನು. ಅದರ ದಿಗ್ವಿಜಯಭಾಗದಲ್ಲಿ ಚಕ್ರವರ್ತಿಯ ಸೇನೆಯು ಕಡಲ ಕರೆಗೆ ಬರುವುದು. ಕಡಲಿನೊಳಗೆ ನೆಲಸಿದ ಮಾಗಧಾಮರನು ಮೊದಲು ಕೆರಳಿ, ಬಳಿಕ ತಿಳಿದು, ಕಾಣಿಕೆಗಳೊಡನೆ ಬಂದು ಎರಗುವನು. ಯುದ್ಧದ ಕಥೆಯನ್ನೂ ಮನೆಮಾತಿನ ಸರಳತೆಯಿಂದ ನಡೆಸುವ ಈ ಕವಿಯ ಶಕ್ತಿಯು ಲೋಕಪ್ರಸಿದ್ಧವಾದುದು. ಆದರೂ ಕಾವ್ಯದ ದೃಷ್ಟಿಯು ಕರೆಯಲ್ಲಿಯೇ ನಿಂತಿದೆ. ಕಡಲಾಚೆಯವನು ಇತ್ತ ಬಂದು ತಲೆಬಾಗಬೇಕೇ ಹೊರತು ಇತ್ತಣವನು ಅತ್ತ ಹೋಗಿ ಅತಿಥಿಯಾಗುವ ಪ್ರಸಂಗವಿಲ್ಲ. ಇದು ಕವಿಯ ದೋಷವಲ್ಲ, ದಿಗ್ವಿಜಯವೆಂಬ ವಸ್ತುವಿನ ಗುಣ. ಆ ವಸ್ತುವನ್ನು ಯಾತ್ರಿಕನು ತನ್ನ ಮಾದರಿಯಾಗಿ ಇಟ್ಟುಕೊಂಡರೆ ಮಾತ್ರ ದೋಷವಾಗುವುದು.

ಬಂಟವಾಳವು ಕನ್ನಡಕ್ಕೆ ಕೊಟ್ಟ ಕಡಲು ಬೇರೆ ತೆರನಾದುದು. ಅಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ‘ತೆಂಕಣ ಗಾಳಿಯಾಟ’ದಲ್ಲಿ ಗಾಳಿಯನ್ನು ವರ್ಣಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಬೀಸಿಸಿದರು. ಪದಗಳ ಸದ್ದೇ ಗಾಳಿಯ ಸದ್ದಾಗಿ, ಓದುವವನ ಉಸಿರು ಅದರೊಡನೆ ಓಡಬೇಕಾಗುವುದು. ಗಾಳಿಮಳೆಗಳು ಕರಾವಳಿಯ ಜೀವನವನ್ನು ಆಳುವ ಬಗೆಯನ್ನು ಇಷ್ಟು ನೇರವಾಗಿ ಕಿವಿಗೆ ಮುಟ್ಟಿಸಿದ ಕವಿತೆಗಳು ವಿರಳ. ದ್ವೀಪಯಾತ್ರೆಗೆ ಹೊರಡುವವನಿಗೆ ಈ ಕವಿತೆಯು ಪ್ರಯೋಜನಕರವಾದ ಪಾಠ. ಏಕೆಂದರೆ ದ್ವೀಪಕ್ಕೆ ಹೋಗುವ ಬರುವ ಹೊತ್ತನ್ನು ಗೊತ್ತುಮಾಡುವವನು ಯಾತ್ರಿಕನಲ್ಲ, ಗಾಳಿ. ಪತ್ತನಾಜೆಯ ಹೊತ್ತಿಗೆ ತುಳುನಾಡಿನ ಆಟಕೋಲಗಳು ನಿಲ್ಲುವಂತೆ, ಸುಮಾರಾಗಿ ಅದೇ ದಿನಗಳಲ್ಲಿ ದ್ವೀಪದ ಪ್ರವಾಸಕಾಲವೂ ಮುಗಿಯುವುದು. ಆದರೆ ಪಂಜೆಯವರ ಗಾಳಿಯು ಬರುವುದು ಕಡಲಿನಿಂದ. ಆ ಕಡಲಿನಲ್ಲಿ ಅದು ಯಾರ ಮಾಡನ್ನು ಹಾರಿಸಿ ಬಂದಿತೆಂಬುದು ಕವಿತೆಯ ವಿಷಯವಲ್ಲ.

ಕಾವ್ಯವು ಕರೆಯಲ್ಲಿ ನಿಂತರೂ ರಾಜ್ಯವು ನಿಲ್ಲಲಿಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳಿಗೆ ಅಮಿನಿದೀವಿಯೆಂದು ಹೆಸರು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಳಿಕೆಗೆ ಬೇಸತ್ತ ಈ ದ್ವೀಪದವರು 1787ರಲ್ಲಿ ಟಿಪ್ಪುಸುಲ್ತಾನನ ಆಶ್ರಯಕ್ಕೆ ಬಂದರು. ಬೆಳ್ತಂಗಡಿಯ ಮನೆಗಳಿಗೆ ದಿನವೂ ಕಾಣುವ ಗಡಾಯಿಕಲ್ಲಿನ ಮೇಲೆ 1794ರಲ್ಲಿ ಜಮಾಲಾಬಾದಿನ ಕೋಟೆಯನ್ನು ಕಟ್ಟಿಸಿದವನೂ ಆ ಟಿಪ್ಪುವೇ. 1799ರಲ್ಲಿ ಅವನು ಮಡಿದ ಬಳಿಕ ಘಟ್ಟದ ಬುಡದ ಕೋಟೆಯೂ ಕಡಲ ನಡುವಿನ ದ್ವೀಪವೂ ಒಟ್ಟಿಗೆ ಕುಂಪಣಿಯ ಕೈಸೇರಿದುವು. ಅಂದಿನಿಂದ 1956ನೆಯ ಇಸವಿಯ ನವಂಬರ 1ರವರೆಗೆ, ಎಂದರೆ 157 ವರ್ಷಗಳ ಕಾಲ, ಅಮಿನಿದೀವಿಯ ಆಡಳಿತವು ನಡೆದುದು ಮಂಗಳೂರಿನಿಂದ. ಬಂಟವಾಳದ ರೈತನ ಅರ್ಜಿಯೂ ಅಮಿನಿಯ ನಾವಿಕನ ಅರ್ಜಿಯೂ ತಲಪುತ್ತಿದ್ದುದು ಒಬ್ಬನೇ ಕಲೆಕ್ಟರನ ಮೇಜಿಗೆ. ಉಳಿದ ದ್ವೀಪಗಳು ಮಲಬಾರಿಗೆ ಸೇರಿದ್ದುವು. ಎಲ್ಲವೂ ಕೂಡಿ ಕೇಂದ್ರಾಡಳಿತ ಪ್ರದೇಶವಾದುದು 1956ರಲ್ಲಿ. ಲಕ್ಷದ್ವೀಪವೆಂಬ ಹೆಸರು ಬಂದುದು 1973ರಲ್ಲಿ.

ಈ ದೀರ್ಘಸಂಬಂಧವು ಬರಹವಾಗಿ ಉಳಿದುದು ಮುಖ್ಯವಾಗಿ ಸರಕಾರದ ಕಡತಗಳಲ್ಲಿ. ಆಂಗ್ಲ ಅಧಿಕಾರಿಗಳು ಬರೆದ ವರದಿ ಕೈಪಿಡಿಗಳ ಗದ್ಯಕ್ಕೆ ಒಂದು ಗುಣವಿದೆ: ಅವು ಉತ್ಪ್ರೇಕ್ಷೆ ಮಾಡುವುದಿಲ್ಲ. ತೆಂಗಿನ ನಾರು ಎಷ್ಟು, ಅದಕ್ಕೆ ಬದಲಾಗಿ ಕೊಡುವ ಅಕ್ಕಿ ಎಷ್ಟು ಎಂಬುದನ್ನು ಅವು ಲೆಕ್ಕವಿಟ್ಟು ಹೇಳುವುವು. ನಾರಿನ ವ್ಯಾಪಾರವು ಸರಕಾರದ ಏಕಸ್ವಾಮ್ಯದಲ್ಲಿದ್ದು, ದ್ವೀಪದವನು ತನ್ನ ಹುರಿಗೆ ಬೇರೆ ಗಿರಾಕಿಯನ್ನು ಹುಡುಕುವಂತಿರಲಿಲ್ಲ. ಆದರೆ ಲೆಕ್ಕದ ಗದ್ಯದಲ್ಲಿ ದ್ವೀಪದವನು ಹುರಿಯನ್ನು ತರುವ ಕೈಯಾಗಿ ಕಾಣುವನೇ ಹೊರತು ಮಾತನಾಡುವ ಬಾಯಾಗಿ ಕಾಣುವುದು ಅಪೂರ್ವ. ಹಸಿರು ಸಿಪ್ಪೆಯನ್ನು ಹವಳದ ಕಟ್ಟೆಯೊಳಗಿನ ತಿಳಿಗಡಲ ಮರಳಲ್ಲಿ ತಿಂಗಳುಗಟ್ಟಲೆ ಹೂಳಿ, ಕೊಳೆತ ಮೇಲೆ ತೆಗೆದು ಬಡಿದು, ಅಂಗೈಯಿಂದ ಹೊಸೆದು ಹುರಿಮಾಡುತ್ತಿದ್ದವರು ದ್ವೀಪದ ಹೆಂಗಸರು. ಆ ಹುರಿಯು ಓಡದಲ್ಲಿ ಮಂಗಳೂರಿನ ಬಂದರಿಗೆ ಬಂದು, ಅಲ್ಲಿಂದ ಒಳನಾಡಿಗೆ ಹಂಚಿಹೋಗುತ್ತಿತ್ತು. ವಸ್ತುವು ನಾಡಿನೊಳಗೆ ಬಂದಿತು; ಅದನ್ನು ಮಾಡಿದವರ ಕಥೆಯು ಹಿಂದೆ ಉಳಿಯಿತು.

ಇಂದು ಯಾತ್ರಿಕನ ಕೈಗೆ ಮೊದಲು ಸಿಕ್ಕುವುದು ಕಾವ್ಯವೂ ಅಲ್ಲ, ಕಡತವೂ ಅಲ್ಲ, ಪ್ರವಾಸದ ಕರಪತ್ರ. ಇದನ್ನು ಸಾಹಿತ್ಯವೆಂದು ಎಣಿಸದಿದ್ದರೂ ಇದರಷ್ಟು ಓದಲ್ಪಡುವ ದ್ವೀಪವರ್ಣನೆಯು ಬೇರೊಂದಿಲ್ಲವಾದುದರಿಂದ ಇದನ್ನೂ ಪರೀಕ್ಷಿಸುವುದು ಉಚಿತ. ಭೂಲೋಕದ ಸ್ವರ್ಗ, ಯಾರೂ ತುಳಿಯದ ಮರಳು, ಜಗತ್ತಿನ ಗದ್ದಲ ಮುಟ್ಟದ ನೀರು: ಇವು ಇದರ ನಿತ್ಯದ ಪದಗಳು. ಪದಗಳು ಸವೆದಿರುವುದು ಸಣ್ಣ ದೋಷ. ಅವು ಸುಳ್ಳಾಗಿರುವುದು ದೊಡ್ಡ ದೋಷ. ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲವು ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಅಲ್ಲಿ 64,473 ಜನರಿದ್ದರು. ಎಂದರೆ ಒಂದು ಚದರ ಕಿಲೋಮೀಟರಿಗೆ ಸುಮಾರು ಎರಡು ಸಾವಿರ ಜನ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇರುವುದಕ್ಕಿಂತ ಅನೇಕ ಪಾಲು ದಟ್ಟವಾದ ವಸತಿ. ಆ ಜನರೂ ಕೆಲವೇ ದ್ವೀಪಗಳಲ್ಲಿ ನೆಲಸಿರುವರು. ಚಿತ್ರದಲ್ಲಿ ನಿರ್ಜನವಾಗಿ ತೋರುವ ತೀರದ ತೆಂಗು ಒಂದು ಮನೆಯ ಸೊತ್ತು. ಅದರಡಿಯ ಮರಳು ಯಾರದೋ ದೋಣಿಯನ್ನು ಎಳೆದಿಡುವ ತಾಣ. ಶೂನ್ಯವೆಂದು ವರ್ಣಿಸಿದ ಸ್ಥಳಕ್ಕೆ ಹೋದವನು ಅಲ್ಲಿಯ ಜನರನ್ನು ತನ್ನ ನೋಟಕ್ಕೆ ಅಡ್ಡ ಬಂದವರೆಂದು ಭಾವಿಸುವ ಅಪಾಯವುಂಟು. ಕರಪತ್ರದ ಶೈಲಿಯನ್ನು ಖಂಡಿಸಬೇಕಾದುದು ಇದಕ್ಕಾಗಿ.

ಈ ಮೂರು ಊರುಗಳ ಯಾತ್ರಿಕನಿಗಂತೂ ದ್ವೀಪವನ್ನು ಶೂನ್ಯವೆಂದು ಭಾವಿಸುವುದಕ್ಕೆ ಕಾರಣವೇ ಇಲ್ಲ. ಲಕ್ಷದ್ವೀಪದ ಜನರು ಮುಸಲ್ಮಾನರು. ಆದರೂ ಅವರಲ್ಲಿ ತಾಯಿಯ ಕಡೆಯಿಂದ ನಡೆಯುವ ತರವಾಡು ಪದ್ಧತಿಯಿದೆ. ತರವಾಡಿಗೆ ಸೇರಿ ಹೆಣ್ಣಿನ ಸಂತತಿಯಲ್ಲಿ ಇಳಿಯುವ ಆಸ್ತಿಯನ್ನು ಶುಕ್ರವಾರದ ಸೊತ್ತೆಂದೂ, ಒಬ್ಬನು ಸ್ವಂತವಾಗಿ ಗಳಿಸಿ ಧರ್ಮಶಾಸ್ತ್ರದಂತೆ ಮಕ್ಕಳಿಗೆ ಬಿಡುವ ಆಸ್ತಿಯನ್ನು ಸೋಮವಾರದ ಸೊತ್ತೆಂದೂ ಅವರು ಕರೆಯುವರು. ಹೊರಗಿನವರಿಗೆ ಇದು ವಿಚಿತ್ರವಾಗಿ ತೋರಬಹುದು. ಅಳಿಯಕಟ್ಟಿನ ವಾಡಿಕೆಯನ್ನು ಕಂಡು ಬೆಳೆದ ಬಂಟವಾಳದ ಮನೆಗೆ ಇದರಲ್ಲಿ ವಿಚಿತ್ರವೇನು? ಮೂಡಬಿದಿರೆಯ ಚೌಟ ಅರಸರು ಜೈನರಾಗಿದ್ದೂ ಅಳಿಯಸಂತಾನದವರು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಆ ವಂಶದವಳು. ಧರ್ಮಶಾಸ್ತ್ರವು ಒಂದನ್ನು ಹೇಳಿ ಕುಟುಂಬದ ಕಟ್ಟು ಇನ್ನೊಂದನ್ನು ಹೇಳಿದಾಗ ಎರಡನ್ನೂ ಉಳಿಸಿಕೊಂಡು ಬಾಳುವ ಜಾಣ್ಮೆಯು ಕಡಲಿನ ಎರಡು ಬದಿಗಳಲ್ಲಿಯೂ ಬೆಳೆದಿದೆ. ಭಾಷೆಯಲ್ಲಿಯೂ ಸಂಬಂಧವಿದೆ. ಮಿನಿಕಾಯಿಯಲ್ಲಿ ಮಾಲದ್ವೀಪದ ಭಾಷೆಗೆ ಸೇರಿದ ಮಹಲ್ ನಡೆಯುವುದಾದರೆ, ಉಳಿದ ದ್ವೀಪಗಳ ಜೆಸರಿಯು ಮಲೆಯಾಳದ ಬಳಗದ್ದು; ಬಂಟವಾಳ ಬೆಳ್ತಂಗಡಿಗಳ ಪೇಟೆಯಲ್ಲಿ ದಿನವೂ ಕೇಳುವ ಬ್ಯಾರಿ ಭಾಷೆಯೂ ಅದೇ ಬಳಗಕ್ಕೆ ಸಮೀಪವಾದುದು. ನೆರೆಯ ಅಂಗಡಿಯವನಿಂದ ನಾಲ್ಕು ಕುಶಲದ ಮಾತುಗಳನ್ನು ಕಲಿತು ಹೊರಟವನು ಕರಪತ್ರವನ್ನು ಕಂಠಪಾಠ ಮಾಡಿದವನಿಗಿಂತ ಚೆನ್ನಾಗಿ ಸಿದ್ಧನಾಗಿರುವನು.

ಇಂತಹ ದೃಷ್ಟಿಯಿಂದ ಬರೆದವರು ಹಿಂದೆ ಇಲ್ಲದಿಲ್ಲ. ಮಂಗಳೂರನ್ನು ಕಂಡು ಮುಂದುವರಿದ ಇಬ್ನ್ ಬತೂತನು 1343ರಲ್ಲಿ ಮಾಲದ್ವೀಪಕ್ಕೆ ಹೋಗಿ, ಅಲ್ಲಿ ಕಾಜಿಯಾಗಿ ನಿಂತು, ಮದುವೆಮಾಡಿಕೊಂಡು, ಜಗಳವನ್ನೂ ಆಡಿ ಬಂದನು. ಹಡಗಿನ ಹಲಗೆಗಳನ್ನು ಹೊಲಿಯುವ ನಾರಿನ ಹುರಿ, ಒಣಗಿಸಿದ ಮೀನು, ಹಣವಾಗಿ ನಡೆಯುವ ಕವಡೆ ಮುಂತಾದವುಗಳನ್ನು ಅವನು ಮನುಷ್ಯರ ಬಾಳಿನೊಡನೆ ಸೇರಿಸಿ ಹೇಳಿದನು. ಅವನಲ್ಲಿ ಪಕ್ಷಪಾತವುಂಟು, ತನ್ನ ಆಚಾರವನ್ನೇ ಅಳತೆಗೋಲು ಮಾಡಿಕೊಂಡು ಅಲ್ಲಿಯ ಹೆಂಗಸರ ಉಡುಗೆಯನ್ನು ತಿದ್ದಲು ಹೊರಟು ಸೋತವನು ಅವನು. ಆದರೆ ಆ ಸೋಲನ್ನು ಅವನು ಬರೆದಿಟ್ಟುದರಿಂದಲೇ ದ್ವೀಪದವರ ಸ್ವಂತ ಇಚ್ಛೆಯು ಅವನ ಪುಟಗಳಲ್ಲಿ ಜೀವಂತವಾಗಿದೆ. ಕನ್ನಡ ಗದ್ಯಕ್ಕೂ ಈ ಶಕ್ತಿಯಿದೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲಕರೆಯು ನೋಟಕ್ಕಾಗಿ ಬಂದುದಲ್ಲ, ಹೆಂಗಸರ ದುಡಿಮೆಯಿಂದ, ಉಪ್ಪುಗಾಳಿಯಿಂದ, ಬಡತನದಿಂದ ಅದು ಗುರುತಾಗುವುದು. ಆ ಗದ್ಯವು ಕರೆಯನ್ನು ದಾಟಿ ಅಮಿನಿಯವರೆಗೆ ಹೋದರೆ ಕನ್ನಡಕ್ಕೆ ಒಂದು ಹೊಸ ಪ್ರದೇಶವೇ ದೊರೆತಂತೆ.

ಹೀಗೆ ಓದಿಕೊಂಡವನಿಗೆ ಯಾತ್ರೆಯ ನಿಯಮಗಳೂ ಬೇರೆ ಅರ್ಥವನ್ನು ಕೊಡುವುವು. ಪ್ರವೇಶದ ಪರ್ಮಿಟ್ 1967ರ ನಿಯಮಾವಳಿಯಿಂದ ಬಂದುದು. ಅದನ್ನು ಪಡೆಯದೆ ಹೊರಗಿನವನು ಕಾಲಿಡುವಂತಿಲ್ಲ, ಪಡೆದರೂ ಗೊತ್ತಾದ ದ್ವೀಪಗಳಿಗೆ ಮಾತ್ರ ಹೋಗಬಹುದು. ಅಮಿನಿದೀವಿಯ ಪೈಕಿ ಪ್ರವಾಸಿಗಳಿಗೆ ಹೆಚ್ಚಾಗಿ ಪರಿಚಿತವಾದುದು ಕಡ್ಮತ್. ಇದನ್ನು ಕಚೇರಿಯ ಕಿರುಕುಳವೆಂದು ಓದಬಹುದು. ಚಿಕ್ಕ ಮನೆಯವನು ಅತಿಥಿಗಳ ಸಂಖ್ಯೆಯನ್ನು ಮೊದಲೇ ಕೇಳುವ ವಿವೇಕವೆಂದೂ ಓದಬಹುದು. ಕೊಚ್ಚಿಯಿಂದ 220ರಿಂದ 440 ಕಿಲೋಮೀಟರ್ ದೂರದೊಳಗೆ ಚದರಿರುವ ಈ ದ್ವೀಪಗಳಿಗೆ ಅಲ್ಲಿಂದ ಹಡಗುಗಳಿವೆ. ಅಗತ್ತಿಯಲ್ಲಿ 1988ರಿಂದ ವಿಮಾನನಿಲ್ದಾಣವಿದೆ. ಮಂಗಳೂರಿನ ಹಳೆಯ ಬಂದರಿನಿಂದ ಅಕ್ಕಿಬೇಳೆ, ಕಟ್ಟಡದ ಸಾಮಾನುಗಳು ಇಂದಿಗೂ ಆ ಕಡೆಗೆ ಹೋಗುತ್ತಿವೆ. ಯಾತ್ರಿಕನು ಅಲ್ಲಿ ಉಣ್ಣುವ ಅನ್ನವೂ ಕಡಲು ದಾಟಿ ಬಂದುದು. ಅಕ್ಟೋಬರದಿಂದ ಮೇ ತಿಂಗಳ ನಡುವಿನವರೆಗೆ ಪ್ರಯಾಣಕ್ಕೆ ತಕ್ಕ ಕಾಲ.

ನೀರಿನ ವಿಷಯವು ಎಲ್ಲಕ್ಕಿಂತ ಮುಖ್ಯವಾದುದು. ನೇತ್ರಾವತಿಯ ದಡದಲ್ಲಿ ಬೆಳೆದವನಿಗೆ ನೀರು ಹರಿಯುವ ವಸ್ತು. ದ್ವೀಪದಲ್ಲಿ ಹೊಳೆಯಿಲ್ಲ, ತೊರೆಯಿಲ್ಲ. ಬಿದ್ದ ಮಳೆಯು ಹವಳದ ನೆಲದೊಳಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ತೇಲಿ ನಿಲ್ಲುವುದು. ಬಾವಿಯಿಂದ ಮಿತಿಮೀರಿ ಎತ್ತಿದರೆ ಉಪ್ಪು ಮೇಲೇರುವುದು. ಅತಿಥಿಯು ಹೆಚ್ಚಾಗಿ ಸುರಿದುಕೊಂಡ ಒಂದು ಕೊಡ ನೀರು ಆತಿಥೇಯನ ಬಾವಿಯ ಲೆಕ್ಕದಲ್ಲಿ ಕಡಿಮೆಯಾಗುವುದು.

ದ್ವೀಪವರ್ಣನೆಯ ಗುಣದೋಷಗಳನ್ನು ತೂಗುವುದಕ್ಕೆ ಇದೇ ತಕ್ಕಡಿಯಾಗಬಹುದು. ನಂದೀಶ್ವರದ ಭಾವಪೂಜೆಯಿಂದ ವಿನಯವನ್ನೂ, ಪಂಜೆಯವರಿಂದ ಗಾಳಿಯ ಅರಿವನ್ನೂ, ಕಡತಗಳಿಂದ ಲೆಕ್ಕದ ನಿಷ್ಠೆಯನ್ನೂ ತೆಗೆದುಕೊಂಡು, ಅವುಗಳಲ್ಲಿ ಇಲ್ಲದ ಮನುಷ್ಯನನ್ನು ಸೇರಿಸಿಕೊಳ್ಳುವುದು ಹೊಸ ಯಾತ್ರಿಕನ ಪಾಲಿನ ಕೆಲಸ. ಹಿಂದಿರುಗಿದ ಮೇಲೆ ಅವನು ಬರೆಯುವ ಲೇಖನದಲ್ಲಿ ಕಡಲಿನ ಬಣ್ಣಗಳು ಎಷ್ಟಿದ್ದರೂ ಇರಲಿ. ಹುರಿ ಹೊಸೆದ ಕೈ, ಶುಕ್ರವಾರದ ಸೊತ್ತನ್ನು ಕಾಯುವ ಮನೆ, ಬಾವಿಯ ನೀರನ್ನು ಅಳೆದು ಬಳಸುವ ತಾಯಿ, ಇವರು ಅದರಲ್ಲಿ ಕಾಣಿಸಿಕೊಂಡರೆ, 157 ವರ್ಷ ಒಂದೇ ಜಿಲ್ಲೆಯಲ್ಲಿದ್ದೂ ಪರಸ್ಪರ ಮಾತನಾಡದೆ ಉಳಿದ ನೆರೆಹೊರೆಗಳ ನಡುವೆ ಕನ್ನಡದಲ್ಲಿ ಮಾತುಕತೆ ಆರಂಭವಾದೀತು.