ಶಾಸನದ ಕೆರೆಯೂ ನೀರುಗಂಟಿಯ ಕೆರೆಯೂ

ಕೆರೆಗಳನ್ನು ಕುರಿತು ಬರೆಯಹೊರಟ ನಮ್ಮ ವಿದ್ವಾಂಸರು ಮೊದಲು ಕೈಮುಗಿಯುವುದು ಪೊರುಮಾಮಿಳ್ಳದ ಶಾಸನಕ್ಕೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯಲ್ಲಿ ಕಟ್ಟಿಸಿದ ಕೆರೆಯ ಈ 1369ರ ಲೇಖವು ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸಿ, ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ದುಡಿಮೆ ಎಂದು ಲೆಕ್ಕವನ್ನೂ ಒಪ್ಪಿಸುತ್ತದೆ. ಅದರ ಪಾಂಡಿತ್ಯ ಗೌರವಾರ್ಹವೇ ಸರಿ. ಆದರೆ ಜಲವಿದ್ಯೆಗೆ ಅದೇ ಪರಮಪ್ರಮಾಣವೆಂಬ ಮಾತನ್ನು ನಾನು ಒಪ್ಪಲಾರೆ.

ಧರ್ಮಿಷ್ಠನಾದ ಅರಸು, ಜಲಶಾಸ್ತ್ರಜ್ಞನಾದ ಬ್ರಾಹ್ಮಣ, ಗಟ್ಟಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಕಲ್ಲಿನ ಗಣಿ, ನುರಿತ ಕೆಲಸಗಾರರು: ಹನ್ನೆರಡರಲ್ಲಿ ಯಾವುದನ್ನು ತೆಗೆದುಕೊಂಡರೂ ಅದು ಕಟ್ಟುವ ಕಾಲದ್ದು. ತೂಬು ಎತ್ತುವವನಿಗೂ ಹೂಳು ಹೊರುವವನಿಗೂ ಅಲ್ಲಿ ಎಡೆಯಿಲ್ಲ. ದೋಷಗಳಲ್ಲಿ ಮೊದಲನೆಯದು ಏರಿಯಿಂದ ನೀರು ಒಸರುವುದು. ಇಲ್ಲಿಯೇ ನಿಂತು ನೋಡಬೇಕು. ಮಣ್ಣಿನ ಏರಿ ಯಾವುದಾದರೂ ಅಷ್ಟಿಷ್ಟು ಒಸರಿಯೇ ತೀರುತ್ತದೆ. ಬೆಳಗಿನ ಹೊತ್ತು ಏರಿಯ ಹಿಂಬದಿಯ ಬುಡದಲ್ಲಿ ನಡೆಯುತ್ತಿದ್ದ ನೀರುಗಂಟಿ, ಊರಿನ ಕೆರೆ ಕಾಯುವವನು, ಜಿನುಗನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದ: ತಿಳಿಯಾಗಿದ್ದರೆ ಮುಂದೆ ನಡೆಯುತ್ತಿದ್ದ, ಕದಡಿದ್ದರೆ, ಒಳಗಿನ ಮಣ್ಣನ್ನು ನೀರು ಹೊತ್ತು ತರುತ್ತಿದೆಯೆಂದರಿತು ಊರನ್ನು ಕೂಗುತ್ತಿದ್ದ. ಒಸರೆಂಬ ಒಂದೇ ಹೆಸರಿನೊಳಗಿನ ಈ ಭೇದ, ಏರಿಯ ಅಳಿವು ಉಳಿವುಗಳ ಭೇದ, ಶಾಸನದ ಎಣಿಕೆಗೆ ಸಿಕ್ಕಿಲ್ಲ.

ಈ ಅರಿವನ್ನು ಉಳಿಸಿದ್ದು ಕಟ್ಟುಗೊಡಗೆಯ, ಎಂದರೆ ಕೆರೆ ಕಟ್ಟಿ ಕಾಯುವುದಕ್ಕೆಂದು ಬಿಟ್ಟ ಭೂಮಿಯ, ಸಣ್ಣ ಕನ್ನಡ ಶಾಸನಗಳು. ಕೆರೆ ಕಟ್ಟಿದ ಗೌಡನಿಗೋ ಸೆಟ್ಟಿಗೋ ತೂಬಿನ ಕೆಳಗೆ ಗದ್ದೆ. ಹೂಳೆತ್ತುವ ಬಂಡಿಯ ಖರ್ಚಿಗೆ ಮತ್ತೊಂದಿಷ್ಟು ಭೂಮಿ. ಇವು ಬರಿಯ ಭೂದಾನದ ಕಾಗದಗಳು, ಶಾಸ್ತ್ರವಲ್ಲ ಎಂದು ಪಂಡಿತರು ತಳ್ಳಿಹಾಕುತ್ತಾರೆ. ಯಾವುದು ಶಾಸ್ತ್ರ? ಏರಿ ಒಡೆದರೆ ಮೊದಲು ಕೊಚ್ಚಿಹೋಗುವುದು ಕಾಯುವವನದೇ ಪೈರಾಗುವಂತೆ ಭೂಮಿಯನ್ನು ಹಂಚಿದ ಬುದ್ಧಿ ಶಾಸ್ತ್ರವಲ್ಲದೆ ಮತ್ತೇನು? ಇನ್ನು ಕೆಲವರು, ಖಾಸಗಿ ಹಕ್ಕು ಬಂದಲ್ಲಿ ಊರಿನ ನೀರು ಕೆಡುವುದೆನ್ನುತ್ತಾರೆ. ಮೇಲಿನ ಗದ್ದೆಯವನು ಕಾಲುವೆಗೆ ಅಡ್ಡಹಾಕಿದ ಜಗಳಗಳು ಇಲ್ಲದಿಲ್ಲ. ಆದರೆ ಕೊಡಗೆಯು ಕೊಟ್ಟದ್ದು ನೀರಿನ ಒಡೆತನವನ್ನಲ್ಲ, ದುರಸ್ತಿಯ ಹೊಣೆಯನ್ನು. ಆ ಹೊಣೆ ತಪ್ಪಿದರೆ ಭೂಮಿಯ ಮೇಲಣ ಹಕ್ಕೂ ತಪ್ಪಿತು. ಈ ಒಂದು ಷರತ್ತನ್ನು ಓದದೆ ದಾನದ ಸಾಲನ್ನಷ್ಟೇ ಓದಿದವರು ಕೊಡಗೆಯನ್ನು ಪಾಳೆಯಗಾರಿಕೆಯೆಂದು ಬರೆದರು.

ನೀರುಗಂಟಿಯದೂ ಸೇರಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ಮೈಸೂರು ರಾಜ್ಯದ 1961ರ ಕಾನೂನು ರದ್ದುಗೊಳಿಸಿತು. ಆ ಹುದ್ದೆಗಳಲ್ಲಿ ಅನ್ಯಾಯವಿದ್ದುದು ನಿಜ, ಹೋದದ್ದು ಯುಕ್ತವೇ. ಆದರೆ ಕದಡಿದ ಒಸರನ್ನು ಬೊಗಸೆಯಲ್ಲಿ ಹಿಡಿಯುವ ಕೆಲಸವನ್ನು ಯಾರಿಗೂ ಒಪ್ಪಿಸಲಿಲ್ಲ.