ಖಾತವ್ಯವಹಾರದಲ್ಲಿ ಘನಫಲ: ಒಂದು ವಿಮರ್ಶೆ

ಅಮೋಘವರ್ಷ ನೃಪತುಂಗನ (814–878) ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಕರ್ಣಾಟಕದ ಚರಿತ್ರೆಯನ್ನು ಬರೆಯುವವರು ಹೊಗಳದೆ ಬಿಡುವುದಿಲ್ಲ, ಅದರ ಲೆಕ್ಕಗಳನ್ನು ಮಾಡಿ ನೋಡುವವರು ವಿರಳ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಅಗೆತದ ಲೆಕ್ಕವನ್ನು ಹೇಳುವ ಖಾತವ್ಯವಹಾರವೆಂಬ ಪ್ರಕರಣವನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇವೆ.

ಯಲಹಂಕ, ಹೆಬ್ಬಾಳಗಳ ಕೆರೆಗಳನ್ನು ನೋಡಿದವರಿಗೆ ಕೆರೆಯ ದಂಡೆ ನೆಟ್ಟಗಿರದೆ ಇಳಿಜಾರಾಗಿರುವುದು ತಿಳಿದೇ ಇದೆ. ಇಂತಹ ಅಗೆತದ ಘನಫಲವನ್ನು ಉದ್ದ, ಅಗಲ, ಆಳಗಳ ಸರಳ ಗುಣಾಕಾರದಿಂದ ಪಡೆಯಲಾಗದು. ಮೇಲ್ಬಾಯಿ 20 ಮೊಳ, ತಳ 10 ಮೊಳ, ಆಳ 6 ಮೊಳವಿರುವ ಚೌಕನೆಯ ಹೊಂಡವೊಂದನ್ನು ತೆಗೆದುಕೊಳ್ಳೋಣ. ಬದಿಗಳ ಸರಾಸರಿಯಿಂದ ಎಣಿಸಿದರೆ 1350 ಘನಮೊಳ. ಇದು ಕರ್ಮಾಂತಿಕ ಫಲ. ಕ್ಷೇತ್ರಫಲಗಳ ಸರಾಸರಿಯಿಂದ 1500. ಇದು ಔಂಡ್ರ ಫಲ. ಇವುಗಳ ಅಂತರದ ಮೂರನೆಯ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮಫಲವೆನ್ನುತ್ತಾನೆ ಆಚಾರ್ಯ: 1400. ಇಂದಿನ ಗಣಿತವೂ ಇದನ್ನೇ ಕೊಡುತ್ತದೆ. ಘನಮೊಳಕ್ಕೆ ಇಷ್ಟೆಂದು ಕೂಲಿ ಗೊತ್ತಾಗಿದ್ದಲ್ಲಿ, ಮೊದಲ ಎಣಿಕೆಯಿಂದ ಅಗೆದವನಿಗೆ 50 ಘನಮೊಳದ ಕೂಲಿ ನಷ್ಟ. ಎರಡನೆಯದರಿಂದ ಅಗೆಸಿದವನಿಗೆ 100 ಘನಮೊಳದ ಹೊರೆ. ಸೂತ್ರದ ನಿಷ್ಕೃಷ್ಟತೆ ಎಂದರೆ ಇಲ್ಲಿ ನ್ಯಾಯವೇ ಸರಿ.

ಆದರೆ ಇದೇ ಪ್ರಕರಣದ ಗೋಳದ ಲೆಕ್ಕ ಬೇರೊಂದು ಕತೆಯನ್ನು ಹೇಳುತ್ತದೆ. ವ್ಯಾಸಾರ್ಧದ ಘನದ ಅರ್ಧವನ್ನು 9ರಿಂದ ಗುಣಿಸಿದರೆ ವ್ಯಾವಹಾರಿಕ ಫಲ. ಅದರ ಹತ್ತರಲ್ಲಿ ಒಂಬತ್ತು ಪಾಲು ಸೂಕ್ಷ್ಮಫಲವೆಂದು ಮುದ್ರಿತ ಪಾಠದ ಅರ್ಥ. ವ್ಯಾಸ 20 ಮೊಳವಾದರೆ ಕ್ರಮವಾಗಿ 4500, 4050. ನಿಜವಾದ ಫಲ ಸುಮಾರು 4189. ಸೂಕ್ಷ್ಮವೆಂಬ ಹೆಸರಿದ್ದರೂ 139 ಘನಮೊಳ ಕಡಮೆಯಾಗಿದೆ. ಗೋಳದ ಸರಿಯಾದ ಸೂತ್ರವು ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ (1150) ದೊರೆಯುತ್ತದೆ.

ಹೊಂಡದ ಸೂತ್ರವೂ ಮಹಾವೀರನ ಸ್ವಂತದ್ದೆನ್ನಲಾಗದು. 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಬ್ರಹ್ಮಗುಪ್ತನು ಈ ಕ್ರಮವನ್ನು ಆಗಲೇ ಹೇಳಿದ್ದನು. ಹಾಗೆಂದ ಮಾತ್ರಕ್ಕೆ ಆಚಾರ್ಯನ ಹಿರಿಮೆ ಕುಂದುವುದಿಲ್ಲ. ಬಂದ ವಿದ್ಯೆಯನ್ನು ಒಪ್ಪವಾಗಿ ಅಳವಡಿಸಿ ಅಭ್ಯಾಸಯೋಗ್ಯವಾಗಿಸಿದ್ದು ಸಣ್ಣ ಕೆಲಸವಲ್ಲ. ಆದರೆ ‘ಸೂಕ್ಷ್ಮ’ವೆಂಬ ಒಂದೇ ಮಾತು ಒಂದೆಡೆ ನಿಜ, ಇನ್ನೊಂದೆಡೆ ಅಲ್ಲ. ಗ್ರಂಥವು ತನಗೆ ತಾನೇ ಕೊಟ್ಟುಕೊಂಡ ಹೆಸರನ್ನು ಪ್ರಮಾಣವೆಂದು ಭಾವಿಸುವುದು ಇತಿಹಾಸಕಾರನಿಗೆ ಸಲ್ಲದು. ಶಾಸನದ ತಿಥಿಯನ್ನು ಪರೀಕ್ಷಿಸುವ ನಾವು ಶಾಸ್ತ್ರದ ಲೆಕ್ಕವನ್ನೂ ಪರೀಕ್ಷಿಸಬೇಕು. ಆ ಬಳಿಕ ಸಲ್ಲಿಸುವ ಗೌರವವೇ ಗಟ್ಟಿಯಾದುದು.