ನರ್ತಕನೋ ದೈವವೋ: ‘ಕಾಂತಾರ’ದ ಸಂದಿಗ್ಧತೆ ಮತ್ತು ತುಳುನಾಡಿನ ‘ಮಾಯ’ದ ಪರಿಕಲ್ಪನೆ

ರಿಷಬ್ ಶೆಟ್ಟಿಯವರು ನಿರ್ದೇಶಿಸಿ ನಟಿಸಿದ ‘ಕಾಂತಾರ’ ಚಲನಚಿತ್ರವು ೨೦೨೨ರ ಸೆಪ್ಟೆಂಬರ್ ೩೦ರಂದು ತೆರೆಕಂಡಿತು. ಅದನ್ನು ಕುರಿತ ಚರ್ಚೆ ಬಹುಮಟ್ಟಿಗೆ ಆರಾಧನೆಯ ಚಿತ್ರಣ ಸರಿಯೇ, ತಪ್ಪೇ ಎಂಬುದರ ಸುತ್ತ ನಡೆದಿದೆ. ಪ್ರಸ್ತುತ ಲೇಖನದ ಆಸಕ್ತಿ ಬೇರೆ. ಚಿತ್ರದ ನಾಯಕ ಶಿವನಿಗೆ ಕನಸಿನಲ್ಲಿಯೂ ಎಚ್ಚರದಲ್ಲಿಯೂ ಕಾಣುವ ದೈವರೂಪವು ಅವನ ಮನಸ್ಸಿನ ಸೃಷ್ಟಿಯೇ, ಅಥವಾ ಹೊರಗಿನ ಶಕ್ತಿಯ ಕರೆಯೇ? ಚಿತ್ರವು ಇದಕ್ಕೆ ನೇರ ಉತ್ತರ ನೀಡುವುದಿಲ್ಲ. ಈ ಸಂದಿಗ್ಧತೆಯನ್ನು ಯಾವ ಪರಿಕಲ್ಪನೆಯ ಬೆಳಕಿನಲ್ಲಿ ಓದಬೇಕೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಎರಡು ಓದುಗಳು ಸಹಜವಾಗಿಯೇ ಮುಂದೆ ಬರುತ್ತವೆ. ಮೊದಲನೆಯದು ಮನೋವೈಜ್ಞಾನಿಕ. ಬಾಲ್ಯದಲ್ಲಿ ಕೋಲದ ನಡುವೆಯೇ ತಂದೆ ಕಾಡಿನೊಳಗೆ ಓಡಿ ಕಣ್ಮರೆಯಾದುದನ್ನು ಶಿವ ಕಂಡಿದ್ದಾನೆ. ಕುಲವೃತ್ತಿಯಿಂದ ಅವನು ದೂರ ಸರಿದಿದ್ದಾನೆ. ಅವನ ಬದಲಿಗೆ ಸೋದರಸಂಬಂಧಿ ಗುರುವ ಗಗ್ಗರ ಕಟ್ಟುತ್ತಾನೆ. ಹೀಗೆ ನೋಡಿದರೆ ಕನಸುಗಳು ಹತ್ತಿಕ್ಕಿದ ಭಯದ ಮರುಕಳಿಕೆಗಳು. ಕೊನೆಯ ಆವೇಶವು ಗುರುವನ ಕೊಲೆಯಿಂದ ಸಿಡಿದ ದುಃಖ. ಎರಡನೆಯದು ಶ್ರದ್ಧೆಯ ಓದು. ಅದರ ಪ್ರಕಾರ ಪಂಜುರ್ಲಿ ಅವನನ್ನು ಮೊದಲಿನಿಂದಲೂ ಕರೆಯುತ್ತಿದೆ, ಗುಳಿಗ ಸಮಯಕ್ಕೆ ಒದಗುತ್ತಾನೆ. ಎರಡಕ್ಕೂ ಚಿತ್ರದಲ್ಲಿ ಆಧಾರಗಳಿವೆ. ಆದರೆ ಈ ಪ್ರಶ್ನೆಯನ್ನು ಚಿತ್ರದೊಳಗೇ ಒಬ್ಬನು ಕೇಳಿದ್ದಾನೆಂಬುದನ್ನು ಎರಡೂ ಓದುಗಳು ಗಮನಿಸುವುದಿಲ್ಲ.

ಕಥೆಯ ಪ್ರಕಾರ ೧೮೪೭ರಲ್ಲಿ ಅರಸನೊಬ್ಬ ಮನಶ್ಶಾಂತಿಗಾಗಿ ದೈವದ ಕಲ್ಲನ್ನು ಪಡೆದು, ಪ್ರತಿಯಾಗಿ ಕಾಡಿನ ಜನರಿಗೆ ಭೂಮಿಯನ್ನು ಬಿಟ್ಟುಕೊಡುತ್ತಾನೆ. ೧೯೭೦ರಲ್ಲಿ ಅವನ ವಂಶಜನು ಆ ಭೂಮಿಯನ್ನು ಮರಳಿ ಕೇಳುತ್ತಾನೆ. ದೈವವು ನಿರಾಕರಿಸಿದಾಗ, ಮಾತನಾಡುತ್ತಿರುವುದು ದೈವವೋ ನರ್ತಕನೋ ಎಂದು ಸಂಶಯಿಸುತ್ತಾನೆ. ಇದು ಜಿಜ್ಞಾಸುವಿನ ಪ್ರಶ್ನೆಯಲ್ಲ, ಭೂಮಿಯ ಮೇಲೆ ಕಣ್ಣಿಟ್ಟವನ ಪ್ರಶ್ನೆ. ನುಡಿದವನು ನರ್ತಕನೆಂದಾದರೆ ಕೊಟ್ಟ ಮಾತಿನ ಬಂಧನದಿಂದ ಅವನಿಗೆ ಬಿಡುಗಡೆ. ಎರಡು ದಶಕಗಳ ಬಳಿಕ ದೇವೇಂದ್ರನು ಇದೇ ಸಂದಿಗ್ಧತೆಯನ್ನು ತಿರುವುಮುರುವಾಗಿ ಬಳಸಲು ಹೊರಡುತ್ತಾನೆ. ಭೂಮಿ ತನಗೆ ಸೇರಬೇಕೆಂದು ದೈವದ ಬಾಯಿಯಿಂದ ಹೇಳಿಸುವಂತೆ ಗುರುವನನ್ನು ಒತ್ತಾಯಿಸುತ್ತಾನೆ. ಗುರುವ ಒಪ್ಪದೆ ಜೀವ ತೆರುತ್ತಾನೆ.

ಗುರುವನ ನಿರಾಕರಣೆಯೇ ಚಿತ್ರದ ವ್ಯಾಖ್ಯಾನಕ್ಕೆ ಕೀಲಿಕೈ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಆಗ ಅವನು ಆವೇಶದಲ್ಲಿಲ್ಲ, ಅಣಿ ಕಟ್ಟಿಲ್ಲ, ಮುಖವರ್ಣಿಕೆಯಿಲ್ಲ. ಬರಿಯ ಮನುಷ್ಯನಾಗಿಯೇ ಅವನು ದೈವದ ನುಡಿಯನ್ನು ಕಾಯುತ್ತಾನೆ. ಹೀಗಾಗಿ ನುಡಿಯ ಸತ್ಯವು ನರ್ತಕನ ಮನಃಸ್ಥಿತಿಯನ್ನು ಅವಲಂಬಿಸಿಲ್ಲ. ಊರಿನೆದುರು ಆದ ಒಪ್ಪಂದಕ್ಕೆ ಅದು ನಿಷ್ಠವಾಗಿದೆಯೇ ಎಂಬುದೇ ಅದರ ಒರೆಗಲ್ಲು.

ತುಳುನಾಡಿನ ಪರಂಪರೆಯಲ್ಲಿ ಈ ದೃಷ್ಟಿಗೆ ಸಮರ್ಥನೆಯಿದೆ. ಪಾಡ್ದನಗಳ ಲೋಕದಲ್ಲಿ ‘ಜೋಗ’ ಮತ್ತು ‘ಮಾಯ’ ಎಂಬ ಎರಡು ಸ್ಥಿತಿಗಳಿವೆ. ಕಣ್ಣಿಗೆ ಕಾಣುವ ಇರವು ಜೋಗ, ಕಾಣದ ಇರವು ಮಾಯ. ಈ ಬಳಕೆಯಲ್ಲಿ ಮಾಯವೆಂದರೆ ಭ್ರಮೆಯಲ್ಲ, ಸಾವೂ ಅಲ್ಲ. ಕಲ್ಕುಡ-ಕಲ್ಲುರ್ಟಿಯರ ಪಾಡ್ದನ ಇದಕ್ಕೆ ಉತ್ತಮ ನಿದರ್ಶನ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿಯ ಕೈಕಾಲನ್ನು ಅರಸನು ಕಡಿಸುತ್ತಾನೆ. ಕೆಲವು ಪಾಠಗಳಲ್ಲಿ ಆ ಶಿಲ್ಪಿ ಇಂದಿನ ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಬಂದು, ಉಳಿದ ಕೈಕಾಲಿನಿಂದಲೇ ಕೆಲಸ ಮುಂದುವರಿಸುತ್ತಾನೆ. ಕಾರ್ಕಳದ ಮೂರ್ತಿ ೧೪೩೨ರದು, ವೇಣೂರಿನದು ೧೬೦೪ರದು. ಕಾಲಗಣನೆಗೆ ಒಗ್ಗದ ಈ ಕಥೆಯನ್ನು ಜನ ಸುಳ್ಳೆಂದು ಕೈಬಿಡಲಿಲ್ಲ. ಅಣ್ಣತಂಗಿಯರು ಮಾಯವಾಗಿ ಅರಸನ ಅನ್ಯಾಯಕ್ಕೆ ಉತ್ತರ ಕೇಳುತ್ತಾರೆ. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಇಂದಿಗೂ ಹರಕೆ ಸಲ್ಲುತ್ತದೆ. ಮೂಡುಬಿದಿರೆ, ವೇಣೂರುಗಳ ಶಿಲ್ಪವೈಭವದ ಹಿಂದಿರುವ ಶ್ರಮಿಕರ ನೋವಿಗೆ ಶಾಸನಗಳಲ್ಲಿ ದೊರೆಯದ ಸ್ಥಾನವು ಇಂತಹ ಪಾಡ್ದನದಲ್ಲಿ ದೊರೆತಿದೆ. ‘ಕಾಂತಾರ’ದ ತಂದೆಮಕ್ಕಳಿಬ್ಬರೂ ಕಾಡಿನಲ್ಲಿ ಮರೆಯಾಗುವುದು ಈ ಅರ್ಥದ ಮಾಯವೇ.

ಇದನ್ನು ಪಿ. ವಾಸು ಅವರ ‘ಆಪ್ತಮಿತ್ರ’ (೨೦೦೪) ಚಿತ್ರದೊಂದಿಗೆ ಹೋಲಿಸಬಹುದು. ಮಲಯಾಳದ ‘ಮಣಿಚಿತ್ರತ್ತಾಳ್’ (೧೯೯೩) ಚಿತ್ರವನ್ನು ಆಧರಿಸಿದ ಅಲ್ಲಿ ಗಂಗಾಳ ಮೈಮೇಲೆ ನಾಗವಲ್ಲಿ ಬರುವುದನ್ನು ಮನೋವೈದ್ಯನು ರೋಗವೆಂದು ಗುರುತಿಸುತ್ತಾನೆ. ಚಿಕಿತ್ಸೆಗೆ ಮಾತ್ರ ಮಾಂತ್ರಿಕ ವಿಧಿಯ ನೆರವು ಬೇಕಾಗುತ್ತದೆ. ಅಲ್ಲಿ ಆವೇಶವು ಮನೆಯೊಳಗಿನ ಖಾಸಗಿ ಸಂಕಟ, ಗುಣಪಡಿಸಬೇಕಾದದ್ದು. ಕೋಲದ ಆವೇಶವಾದರೋ ಸಾರ್ವಜನಿಕ. ಅದಕ್ಕೆ ಎಣ್ಣೆಬೂಳ್ಯದ ವಿಧಿಯಿದೆ, ಪಾಡ್ದನದ ಹಿನ್ನೆಲೆಯಿದೆ, ಸಾಕ್ಷಿಯಾಗಿ ಊರಿದೆ. ಆದ್ದರಿಂದ ‘ಆಪ್ತಮಿತ್ರ’ಕ್ಕೆ ಒಪ್ಪುವ ರೋಗನಿದಾನದ ಮಾದರಿ ಇಲ್ಲಿ ಸಾಲದು. ಹಿಂದೆ ಬರ್ನೆಲ್ ಅವರು ತುಳುವರ ಭೂತಾರಾಧನೆಯನ್ನು ಪಿಶಾಚಪೂಜೆಯೆಂದು ಹೆಸರಿಸಿದ್ದುಂಟು. ಅದೇ ಆರಾಧನೆಯನ್ನು ಮನೋರೋಗವೆಂದು ಕರೆದರೆ ಹೆಸರು ಹೊಸದಾಗುತ್ತದೆಯೇ ಹೊರತು ತಿಳುವಳಿಕೆ ಹೆಚ್ಚುವುದಿಲ್ಲ.

ಆದರೂ ಚಿತ್ರದ ಮುಕ್ತಾಯವನ್ನು ಪ್ರಶ್ನಿಸದೆ ಒಪ್ಪಲಾಗದು. ದೈವವು ಅರಣ್ಯಾಧಿಕಾರಿ ಮುರಳಿಯ ಕೈಯನ್ನು ಊರವರ ಕೈಗಳೊಂದಿಗೆ ಸೇರಿಸಿ ಮರೆಯಾಗುತ್ತದೆ. ಭಾವನೆಯ ಮಟ್ಟದಲ್ಲಿ ಇದು ಪೂರ್ಣ. ಹಕ್ಕಿನ ಮಟ್ಟದಲ್ಲಿ ಅಪೂರ್ಣ. ೧೯೮೭ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಗೆ ಬಂದ ಬೆಳ್ತಂಗಡಿಯ ಕುತ್ಲೂರಿನಂತಹ ಪ್ರದೇಶಗಳ ಮಲೆಕುಡಿಯರಿಗೆ ಬೇಕಾದದ್ದು ದಾಖಲೆಯ ಬಲ. ಅರಣ್ಯ ಹಕ್ಕುಗಳ ಕಾಯ್ದೆ ಬಂದದ್ದು ೨೦೦೬ರಲ್ಲಿ. ೧೯೯೦ರಲ್ಲಿ ನಡೆಯುವ ಚಿತ್ರದ ಕಥೆಗೆ ಆ ಆಸರೆಯಿಲ್ಲ. ಕಾನೂನು ಮೌನವಾಗಿದ್ದಲ್ಲಿ ಜನರ ಬಳಿ ಉಳಿದ ಏಕೈಕ ದಸ್ತಾವೇಜು ದೈವದ ನುಡಿ. ಅದನ್ನು ಮನೋವಿಕಾರವೆಂದು ತಳ್ಳಿಹಾಕಿದರೆ ಹೋಗುವುದು ನಂಬಿಕೆ ಮಾತ್ರವಲ್ಲ, ನೆಲದ ಮೇಲಿನ ಹಕ್ಕಿನ ನೆನಪು ಕೂಡ. ಅದನ್ನು ಬರಿಯ ಪವಾಡವೆಂದು ಕೈಮುಗಿದರೂ ಆ ಹಕ್ಕಿನ ಪ್ರಶ್ನೆ ಮರೆಗೆ ಸರಿಯುತ್ತದೆ.

ಒಟ್ಟಿನಲ್ಲಿ ‘ಕಾಂತಾರ’ದ ಸಂದಿಗ್ಧತೆಯನ್ನು ಬಿಡಿಸಬೇಕಾದ ಒಗಟೆಂದು ಭಾವಿಸುವುದಕ್ಕಿಂತ, ಅದನ್ನು ಯಾರು, ಯಾವ ಲಾಭಕ್ಕಾಗಿ ಬಿಡಿಸಹೊರಟಿದ್ದಾರೆಂದು ಕೇಳುವುದು ಹೆಚ್ಚು ಫಲದಾಯಕ. ನರ್ತಕನೋ ದೈವವೋ ಎಂದು ಕೇಳಿದ ಒಡೆಯನ ಪಕ್ಕದಲ್ಲಿ ವಿಮರ್ಶಕನೂ ಅರಿಯದೆ ನಿಂತುಬಿಡುವ ಅಪಾಯವಿದೆ. ಸಂಶೋಧಕರು ಈ ಎಚ್ಚರವನ್ನು ವಹಿಸುವುದು ಅಗತ್ಯ.